ಮಾಜಿ ಹೆಂಡತಿ ವಾದಿಸುತ್ತಾಳೆ, ಜಡ್ಜ್ ಕೂತು ಕೇಳುತ್ತಾನೆ

ಪೀಠದ ಮೇಲೆ ಸರ್ ಜಾನ್ ಡೀಡ್. ಕೆಳಗೆ ವಕೀಲರ ಮೊದಲ ಸಾಲಿನಲ್ಲಿ ಒಂದು ಕಡೆ ಜೋ ಮಿಲ್ಸ್, ಅವನ ಪ್ರೇಯಸಿ. ಇನ್ನೊಂದು ಕಡೆ ಜಾರ್ಜ್ ಚಾನಿಂಗ್, ಅವನ ಮಾಜಿ ಹೆಂಡತಿ. ಆಕೆಯ ಅಪ್ಪ ಸರ್ ಜೋಸೆಫ್ ಚಾನಿಂಗ್ ಮೇಲ್ಮನವಿ ನ್ಯಾಯಾಲಯದಲ್ಲಿದ್ದಾರೆ. ಅಂದರೆ ಡೀಡ್ ಕೊಟ್ಟ ತೀರ್ಪಿನ ಮೇಲೆ ಅಪೀಲು ಹೋದರೆ ಅದು ಒಂದು ಕಾಲದ ಮಾವನ ಅಂಗಳಕ್ಕೇ ಹೋಗುತ್ತದೆ. ನಮ್ಮ ಯಾವುದೇ ತಾಲ್ಲೂಕು ಕೋರ್ಟಿನ ಶಿರಸ್ತೇದಾರರಿಗೆ ಈ ಸಂಸಾರದ ನಕ್ಷೆ ತೋರಿಸಿದರೆ ಅವರು ಕೇಳುವ ಮೊದಲ ಮಾತು, ‘ಈ ಫೈಲನ್ನು ಈ ಸಾಹೇಬರ ಮುಂದೆ ಇಟ್ಟವರು ಯಾರು?’

ಬಿಬಿಸಿ ಒನ್ ವಾಹಿನಿಯಲ್ಲಿ 2001ರ ಜನವರಿಯಿಂದ 2007ರ ಜನವರಿವರೆಗೆ ಆರು ಸರಣಿಗಳಾಗಿ ಬಂದ ‘ಜಡ್ಜ್ ಜಾನ್ ಡೀಡ್’ ಧಾರಾವಾಹಿಯ ಬಗ್ಗೆ ಮಾತಾಡುವಾಗ ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಬರೆದವರು ಜಿ.ಎಫ್. ನ್ಯೂಮನ್. ಡೀಡ್ ಆಗಿ ಮಾರ್ಟಿನ್ ಶಾ, ಜೋ ಆಗಿ ಜೆನ್ನಿ ಸೀಗ್ರೋವ್, ಜಾರ್ಜ್ ಆಗಿ ಕ್ಯಾರೊಲಿನ್ ಲ್ಯಾಂಗ್ರಿಷ್, ಮಾವನಾಗಿ ಡೊನಾಲ್ಡ್ ಸಿಂಡೆನ್. ಕಂತೊಂದು ಸುಮಾರು ತೊಂಬತ್ತು ನಿಮಿಷ. ಕಥೆಯ ಎಳೆ ಒಂದೇ: ಕೋರ್ಟುಗಳ ಆಡಳಿತ ನೋಡುವ ಮಂತ್ರಿ ಲಾರ್ಡ್ ಚಾನ್ಸಲರ್, ಅವರ ಇಲಾಖೆಯ ಅಧಿಕಾರಿಗಳಿಗೆ ಒಂದು ಕೇಸು ಒಂದು ರೀತಿಯಲ್ಲೇ ಮುಗಿಯಬೇಕಿದೆ. ಅದು ಡೀಡ್ ಕೈಗೆ ಸಿಕ್ಕಿಬಿಟ್ಟಿದೆ. ಅವನು ಬಗ್ಗುವುದಿಲ್ಲ.

ಡೀಡ್‌ನ ಧೈರ್ಯದ ಬಗ್ಗೆ ತಕರಾರಿಲ್ಲ. ಆದರೆ ಕೇಸು ಯಾರ ಮುಂದೆ ಹೋಗಬೇಕು ಎಂಬುದರಲ್ಲಿ ಸರ್ಕಾರ ಕೈಹಾಕಕೂಡದು ಎಂದು ಗುಡುಗುವ ಇದೇ ಮನುಷ್ಯ, ತನ್ನ ಮುಂದೆ ಬರಬಾರದ ಕೇಸು ಬಂದಾಗ ಎದ್ದು ಹೋಗುವುದಿಲ್ಲ. ಈ ಎರಡೂ ಒಂದೇ ನಿಯಮದ ಎರಡು ಮಗ್ಗುಲು ಎಂಬುದು ಅವನಿಗೂ ಹೊಳೆಯುವುದಿಲ್ಲ, ಬರೆದವರಿಗೂ ಹೊಳೆದಂತಿಲ್ಲ.

ಮೊದಲು ಕೋರ್ಟಿನ ಒಳಗೆ ಹೋಗೋಣ. ಡೀಡ್ ಹೈಕೋರ್ಟ್ ಜಡ್ಜ್. ಇಂಗ್ಲೆಂಡಿನಲ್ಲಿ ಕೊಲೆಯಂಥ ಗಂಭೀರ ಕೇಸುಗಳ ವಿಚಾರಣೆ ನಡೆಯುವುದು ಕ್ರೌನ್ ಕೋರ್ಟಿನಲ್ಲಿ. ಅಲ್ಲಿ ದಿನನಿತ್ಯ ಕೂರುವವರು ಸರ್ಕ್ಯೂಟ್ ಜಡ್ಜ್‌ಗಳು, ನೇರಳೆ ನಿಲುವಂಗಿಯವರು. ಅವರನ್ನು ‘ಯುವರ್ ಆನರ್’ ಎನ್ನಬೇಕು. ತೀರಾ ಗಂಭೀರವಾದದ್ದು ಬಂದಾಗ ಲಂಡನ್ನಿನಿಂದ ಹೈಕೋರ್ಟ್ ಜಡ್ಜ್ ಬರುತ್ತಾರೆ. ಅವರ ನಿಲುವಂಗಿ ಕಡುಗೆಂಪು, ಚಳಿಗಾಲದಲ್ಲಿ ಅದಕ್ಕೆ ಬಿಳಿ ತುಪ್ಪಳದ ಅಂಚು, ಬೇಸಿಗೆಯಲ್ಲಿ ಬೂದು ರೇಷ್ಮೆಯ ಅಂಚು. ವಕೀಲರ ಬಾಯಲ್ಲಿ ಇವರು ‘ರೆಡ್ ಜಡ್ಜ್’. ಇವರನ್ನು ‘ಮೈ ಲಾರ್ಡ್’ ಎನ್ನಬೇಕು. ತಲೆಯ ಮೇಲೆ ಕುದುರೆಕೂದಲಿನ ಗಿಡ್ಡ ವಿಗ್. ಭುಜದ ಮೇಲೆ ಇಳಿಬೀಳುವ ಉದ್ದದ ವಿಗ್ ಸಮಾರಂಭಕ್ಕೆ ಮಾತ್ರ. ಇನ್ನು ಮರದ ಸುತ್ತಿಗೆ ಇಂಗ್ಲೆಂಡಿನ ಕೋರ್ಟಿನಲ್ಲಿ ಇಲ್ಲವೇ ಇಲ್ಲ. ನಮ್ಮಲ್ಲೂ ಇಲ್ಲ. ‘ಆರ್ಡರ್ ಆರ್ಡರ್’ ಎಂದು ಕುಟ್ಟುವ ಜಡ್ಜ್ ಕನ್ನಡ ಸಿನಿಮಾಗಳಿಗೆ ಎಲ್ಲಿಂದ ಬಂದರೋ, ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಿಂದಲಂತೂ ಅಲ್ಲ.

ವಿಚಾರಣೆಯ ಕ್ರಮ ಹೀಗೆ. ಕ್ಲರ್ಕ್ ದೋಷಾರೋಪ ಓದುತ್ತಾರೆ, ಆರೋಪಿ ತಪ್ಪಿತಸ್ಥ ಹೌದೋ ಅಲ್ಲವೋ ಹೇಳುತ್ತಾನೆ. ಕರೆಸಿದ ದೊಡ್ಡ ಗುಂಪಿನಿಂದ ಚೀಟಿ ಎತ್ತಿ ಹನ್ನೆರಡು ಸಾಮಾನ್ಯ ಜನರನ್ನು ಜ್ಯೂರಿಗೆ ಕೂರಿಸುತ್ತಾರೆ (ತಪ್ಪಿತಸ್ಥ ಹೌದೋ ಅಲ್ಲವೋ ತೀರ್ಮಾನಿಸುವವರು ಇವರೇ), ಒಬ್ಬೊಬ್ಬರೂ ಪ್ರಮಾಣ ಮಾಡುತ್ತಾರೆ. ಪ್ರಾಸಿಕ್ಯೂಷನ್ ಕಥೆ ತೆರೆದಿಡುತ್ತದೆ. ಸಾಕ್ಷಿಗಳ ಮುಖ್ಯ ವಿಚಾರಣೆ, ಪಾಟೀಸವಾಲು, ಮರುವಿಚಾರಣೆ. ಪ್ರಾಸಿಕ್ಯೂಷನ್ ಸಾಕ್ಷಿ ಮುಗಿದಾಗ ‘ಇದರಲ್ಲಿ ಉತ್ತರ ಕೊಡುವಂಥದ್ದೇ ಏನೂ ಇಲ್ಲ’ ಎಂದು ಪ್ರತಿವಾದಿ ವಕೀಲರು ವಾದಿಸಬಹುದು, ಅದೂ ಜ್ಯೂರಿಯನ್ನು ಹೊರಗೆ ಕಳಿಸಿ. ಆಮೇಲೆ ಪ್ರತಿವಾದಿ ಸಾಕ್ಷಿ, ಎರಡೂ ಕಡೆಯ ಕೊನೆಯ ಮಾತು, ಜಡ್ಜ್ ಮಾಡುವ ಸಮಾರೋಪ. ಜ್ಯೂರಿ ಒಳಕೋಣೆಗೆ ಹೋಗುತ್ತದೆ. ಮೊದಲು ಸರ್ವಾನುಮತವೇ ಬೇಕು. ಕನಿಷ್ಠ ಎರಡು ಗಂಟೆ ಹತ್ತು ನಿಮಿಷ ಕಳೆದ ಮೇಲಷ್ಟೇ ಬಹುಮತ ಸಾಕೆಂದು ಜಡ್ಜ್ ಹೇಳಬಹುದು. ಕಾನೂನಿನಲ್ಲಿರುವುದು ಎರಡು ಗಂಟೆ. ಕೋಣೆಗೆ ನಡೆದು ಹೋಗಿ, ಕೂತು, ಮುಖ್ಯಸ್ಥರನ್ನು ಆರಿಸಿಕೊಳ್ಳಲು ಹತ್ತು ನಿಮಿಷ ರೂಢಿಯಿಂದ ಸೇರಿದೆ. ಬಹುಮತ ಎಂದರೆ 11–1 ಅಥವಾ 10–2. 9–3 ಆದರೆ ನಡೆಯುವುದಿಲ್ಲ. ತಪ್ಪಿತಸ್ಥ ಎಂದರೆ ಮುಖ್ಯಸ್ಥರು ಎಷ್ಟೆಷ್ಟು ಎಂದು ಹೇಳಬೇಕು, ನಿರ್ದೋಷಿ ಎಂದರೆ ಹೇಳುವಂತಿಲ್ಲ. ಬಿಡುಗಡೆಯಾದವನ ಬೆನ್ನಿಗೆ ‘ಇಬ್ಬರು ನಂಬಲಿಲ್ಲವಂತೆ’ ಎಂಬ ಮಾತು ಅಂಟದಿರಲಿ ಎಂದು.

ಇಷ್ಟನ್ನು ತೊಂಬತ್ತು ನಿಮಿಷಕ್ಕೆ ಇಳಿಸುವಾಗ ಧಾರಾವಾಹಿ ಕತ್ತರಿಸುವುದು ಜ್ಯೂರಿಯನ್ನು. ಡೀಡ್‌ನ ಕೋರ್ಟಿನಲ್ಲಿ ಆ ಹನ್ನೆರಡು ಜನ ಗೋಡೆಗೆ ಒರಗಿಸಿದ ಕುರ್ಚಿಗಳ ಹಾಗೆ ಕಾಣುತ್ತಾರೆ. ಸತ್ಯ ಹುಡುಕುವವನು ಡೀಡ್. ಸಾಕ್ಷಿಗೆ ತಾನೇ ಪ್ರಶ್ನೆ ಹಾಕುತ್ತಾನೆ, ಬಚ್ಚಿಟ್ಟ ಕಾಗದ ತರಿಸುತ್ತಾನೆ, ಯಾರೂ ಕರೆಯದ ಸಾಕ್ಷಿಯನ್ನು ಕರೆಸುತ್ತಾನೆ. ನೋಡಲು ಚೆನ್ನ. ಆದರೆ ಆ ನೆಲದ ಕಾನೂನಿನಲ್ಲಿ ಇದು ಅಪೀಲಿಗೆ ಕೊಟ್ಟ ಆಹ್ವಾನಪತ್ರಿಕೆ.

ಕಲ್ಲಿದ್ದಲು ಗಣಿಯಲ್ಲಿ ಚಾವಣಿ ಕುಸಿದು ಸತ್ತ ಕಾರ್ಮಿಕನ ವಿಧವೆ ನ್ಯಾಷನಲ್ ಕೋಲ್ ಬೋರ್ಡ್ ವಿರುದ್ಧ ಪರಿಹಾರಕ್ಕೆ ದಾವೆ ಹಾಕಿದ್ದರು. ವಿಚಾರಣೆ ನಡೆಸಿದವರು ನ್ಯಾಯಮೂರ್ತಿ ಹ್ಯಾಲೆಟ್. ಸಜ್ಜನ, ಬುದ್ಧಿವಂತ, ಸತ್ಯ ತಿಳಿಯುವ ಆತುರ ಬೇರೆ. ವಕೀಲರು ಒಂದು ಪ್ರಶ್ನೆ ಕೇಳುವಷ್ಟರಲ್ಲಿ ಅವರು ನಾಲ್ಕು ಕೇಳುತ್ತಿದ್ದರು. ಪಾಟೀಸವಾಲು ಕಾವೇರುವಷ್ಟರಲ್ಲಿ ತಾವೇ ನಡುವೆ ಬಂದು ಸಾಕ್ಷಿಗೆ ಉಸಿರಾಡಲು ಪುರುಸೊತ್ತು ಮಾಡಿಕೊಡುತ್ತಿದ್ದರು. ಅಪೀಲಿನಲ್ಲಿ ಎರಡೂ ಕಡೆಯವರು ಜಡ್ಜ್ ಅವರ ಬಾಯಿಯ ಮೇಲೇ ದೂರು ಹೇಳಿದರು. 1957ರಲ್ಲಿ ಲಾರ್ಡ್ ಡೆನಿಂಗ್ ಇದ್ದ ಪೀಠ ಮರುವಿಚಾರಣೆಗೆ ಆದೇಶಿಸಿತು, ಹ್ಯಾಲೆಟ್ ಸ್ವಲ್ಪ ದಿನದಲ್ಲೇ ಹುದ್ದೆ ಬಿಟ್ಟರು. ಅಖಾಡಕ್ಕೆ ಇಳಿದ ಜಡ್ಜ್ ಕಣ್ಣಿಗೆ ಜಗಳದ ಧೂಳು ಬೀಳುತ್ತದೆ ಎಂಬ ಮಾತು ಅಲ್ಲಿನ ವಕೀಲರಿಗೆ ಬಾಯಿಪಾಠ. ಪಾಟೀಸವಾಲಿನ ಕೆಲಸ ತಿಳಿದವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ಹತ್ತು ಪ್ರಶ್ನೆಗಳ ಮೆಟ್ಟಿಲು ಕಟ್ಟಿ ಹನ್ನೊಂದನೆಯದರಲ್ಲಿ ಸಾಕ್ಷಿಯನ್ನು ಹಿಡಿಯಬೇಕು. ಆರನೆಯ ಮೆಟ್ಟಿಲಲ್ಲಿ ಜಡ್ಜ್ ‘ಅಂದರೆ ನೀವು ಅಲ್ಲಿ ಇರಲೇ ಇಲ್ಲವೇ?’ ಎಂದು ಕೇಳಿಬಿಟ್ಟರೆ ಸಾಕ್ಷಿಗೆ ದಾರಿ ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾಗಿ ಹೋಗುತ್ತದೆ.

ನಮ್ಮಲ್ಲಿ ಕಾನೂನು ಬೇರೆ. ಹಳೆಯ ಸಾಕ್ಷ್ಯ ಅಧಿನಿಯಮದ 165ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 168ನೇ ಕಲಂ, ಯಾವ ಪ್ರಶ್ನೆಯನ್ನಾದರೂ ಯಾವ ರೂಪದಲ್ಲಾದರೂ ಯಾವಾಗ ಬೇಕಾದರೂ ಕೇಳುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ ಹೊತ್ತಿಗೆ ಜ್ಯೂರಿಯೂ ಹೋಗಿತ್ತು. ಡೀಡ್ ತನ್ನ ಇಂಗ್ಲೆಂಡಿಗಿಂತ ಮಂಡ್ಯದ ಸೆಷನ್ಸ್ ಕೋರ್ಟಿನಲ್ಲಿ ಹೆಚ್ಚು ಆರಾಮಾಗಿ ಇರುತ್ತಿದ್ದನೇನೋ.

ಅವನ ಇನ್ನೊಂದು ಆಯುಧ ನ್ಯಾಯಾಂಗ ನಿಂದನೆ. ಎದುರಾಡಿದ ಅಧಿಕಾರಿಯನ್ನು ನೇರ ಕೆಳಗಿನ ಸೆಲ್ಲಿಗೆ ಕಳಿಸುವ ದೃಶ್ಯಕ್ಕೆ ಚಪ್ಪಾಳೆ ಗಿಟ್ಟುತ್ತದೆ. ಅಧಿಕಾರ ನಿಜ, 1981ರ ಕಾಯ್ದೆಯ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸ ಕೊಡಬಹುದು. ಆದರೆ ಬಳಸುವ ರೀತಿಗೆ ಕಟ್ಟುಪಾಡುಗಳಿವೆ. ಏನು ತಪ್ಪು ಎಂದು ಸ್ಪಷ್ಟವಾಗಿ ಹೇಳಬೇಕು, ವಕೀಲರನ್ನು ಇಟ್ಟುಕೊಳ್ಳಲು ಅವಕಾಶ ಕೊಡಬೇಕು, ಕ್ಷಮೆ ಕೇಳಲು ದಾರಿ ಬಿಡಬೇಕು, ಸಾಧ್ಯವಾದರೆ ಒಂದು ರಾತ್ರಿ ಕಳೆಯಲು ಬಿಡಬೇಕು. ಆ ರಾತ್ರಿ ಆರೋಪಿಗೆ ಎಷ್ಟು ಬೇಕೋ ಜಡ್ಜ್‌ಗೂ ಅಷ್ಟೇ ಬೇಕು.

ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಸೇಂಟ್ ಆಲ್ಬನ್ಸ್ ಕ್ರೌನ್ ಕೋರ್ಟಿನ ನಗೆಅನಿಲದ ಪ್ರಸಂಗ ಇದೆ. 1974. ಅಶ್ಲೀಲ ಸಾಹಿತ್ಯದ ಕೇಸೊಂದು ದಿನಗಟ್ಟಲೆ ಎಳೆಯುತ್ತಿತ್ತು. ಸಾಲಿಸಿಟರ್ ಕಚೇರಿಯ ಒಬ್ಬ ಗುಮಾಸ್ತನಿಗೆ ಬೇಜಾರು ಹತ್ತಿ, ಆಸ್ಪತ್ರೆಯೊಂದರಿಂದ ನೈಟ್ರಸ್ ಆಕ್ಸೈಡ್ ಸಿಲಿಂಡರ್ ಕದ್ದು, ಚಾವಣಿಯ ಗಾಳಿಕೊಳವೆಯಿಂದ ಅನಿಲ ಬಿಟ್ಟು ಕೋರ್ಟನ್ನೆಲ್ಲ ನಗಿಸುವ ಯೋಜನೆ ಹಾಕಿದ. ಬಿಡುವ ಮೊದಲೇ ಸಿಕ್ಕಿಬಿದ್ದ. ನ್ಯಾಯಮೂರ್ತಿ ಮೆಲ್ಫರ್ಡ್ ಸ್ಟೀವನ್‌ಸನ್ ತಕ್ಷಣವೇ ನಿಂದನೆಗೆ ಆರು ತಿಂಗಳು ಹಾಕಿದರು. ಅವನು ಅಲ್ಲೇ ನಿಂತು, ನೀವು ಹಾಸ್ಯಪ್ರಜ್ಞೆಯಿಲ್ಲದ ಯಂತ್ರ, ನಿಮ್ಮನ್ನು ನೀವೇ ಸ್ಫೋಟಿಸಿಕೊಳ್ಳಬಾರದೇ ಎಂದ. ಎರಡು ವಾರ ಕಳೆಯುವಷ್ಟರಲ್ಲಿ ಅಪೀಲು ಕೋರ್ಟು ಬಿಟ್ಟುಕಳಿಸಿತು: ಸಿಲಿಂಡರ್ ಕಳ್ಳತನ ನಿಜ, ಆದರೆ ಅನಿಲ ಬಿಟ್ಟೇ ಇಲ್ಲ, ನಿಂದನೆ ಆಗಿಯೇ ಇಲ್ಲ, ಆಗಿದ್ದರೂ ಇಷ್ಟು ಅವಸರ ಬೇಕಿರಲಿಲ್ಲ. ಡೀಡ್‌ನ ಎಷ್ಟೋ ಆದೇಶಗಳು ಈ ಜರಡಿಯಲ್ಲಿ ನಿಲ್ಲುತ್ತಿರಲಿಲ್ಲ.

ನಾಯಕನನ್ನು ಸದಾ ಸರಿ ಎಂದು ಕಟ್ಟಿದರೆ ಅವನ ನಂಬಿಕೆಗಳೂ ತೀರ್ಪುಗಳಾಗಿ ಬಿಡುತ್ತವೆ. 2006ರ ಒಂದು ಕಂತು ಮಕ್ಕಳಿಗೆ ದಡಾರ, ಮಂಗನಬಾವು, ರುಬೆಲ್ಲಾ ಬಾರದಂತೆ ಕೊಡುವ ಎಂಎಂಆರ್ ಲಸಿಕೆಯ ಸುತ್ತ ಹೆಣೆದದ್ದು. ಹನ್ನೆರಡು ಮಕ್ಕಳನ್ನು ಆಧರಿಸಿದ 1998ರ ಲೇಖನವೊಂದರಿಂದ ಹುಟ್ಟಿದ, ಈ ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಭಯ ಬ್ರಿಟನ್ನಿನಲ್ಲಿ ಆಗ ಇನ್ನೂ ಆರಿರಲಿಲ್ಲ. ಅದನ್ನು ಪ್ರಕಟಿಸಿದ ವೈದ್ಯಕೀಯ ಪತ್ರಿಕೆ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಕಂತು ಒಂದೇ ಕಡೆಗೆ ವಾಲಿದೆ ಎಂಬ ದೂರು ಬಂತು, ಬಿಬಿಸಿಯೇ ಅದನ್ನು ಎತ್ತಿಹಿಡಿಯಿತು. ಕೋರ್ಟ್ ಧಾರಾವಾಹಿಯ ಅಪಾಯ ಇದೇ: ಪೀಠದ ಮೇಲಿನಿಂದ ಬಂದ ಮಾತನ್ನು ನೋಡುಗರು ವಾದ ಎಂದುಕೊಳ್ಳುವುದಿಲ್ಲ, ತೀರ್ಪು ಎಂದುಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಂತೂ 1925ರ ಕಾಯ್ದೆಯಿಂದ ಕೋರ್ಟಿನೊಳಗೆ ಕ್ಯಾಮೆರಾಕ್ಕೆ ಬಾಗಿಲು ಮುಚ್ಚಿತ್ತು, ಕ್ರೌನ್ ಕೋರ್ಟಿನಲ್ಲಿ ಜಡ್ಜ್ ಶಿಕ್ಷೆ ಓದುವುದನ್ನು ಟಿವಿಯಲ್ಲಿ ಮೊದಲು ತೋರಿಸಿದ್ದೇ 2022ರ ಜುಲೈನಲ್ಲಿ. ಡೀಡ್‌ನ ಕಾಲದ ನೋಡುಗರಿಗೆ ಹೋಲಿಸಿ ನೋಡಲು ಬೇರೆ ಕೋರ್ಟೇ ಇರಲಿಲ್ಲ.

ಹಾಗಿದ್ದರೆ ಧಾರಾವಾಹಿ ಸರಿಯಾಗಿ ಹಿಡಿದದ್ದೇನು? ಲಿಸ್ಟಿಂಗ್. ಯಾವ ಕೇಸು ಯಾವ ದಿನ ಯಾರ ಮುಂದೆ ಎಂದು ಬರೆಯುವ ಆ ಪಟ್ಟಿ. ಇಂಗ್ಲೆಂಡ್ ಮತ್ತು ವೇಲ್ಸ್ ಸರ್ಕ್ಯೂಟ್ ಎಂಬ ಆರು ಕೋರ್ಟು ವಲಯಗಳಾಗಿವೆ, ಒಂದೊಂದಕ್ಕೂ ಹೈಕೋರ್ಟ್ ಜಡ್ಜ್‌ಗಳೇ ಪ್ರಿಸೈಡಿಂಗ್ ಜಡ್ಜ್‌ಗಳು. ಹಂಚಿಕೆ ಅವರ ಹೊಣೆ, ನ್ಯಾಯಾಂಗದ ಕೆಲಸ. ಆದರೆ ದಿನದಿನದ ಪಟ್ಟಿ ಬರೆಯುವ ಲಿಸ್ಟಿಂಗ್ ಅಧಿಕಾರಿ ಕೋರ್ಟಿನ ನೌಕರ. ಆಗೆಲ್ಲ ಆ ನೌಕರ ಲಾರ್ಡ್ ಚಾನ್ಸಲರ್ ಇಲಾಖೆಯ ಅಡಿಯಲ್ಲಿದ್ದ. ಸರ್ ಇಯಾನ್ ರಾಚೆಸ್ಟರ್ ಎಂಬ ಅಧಿಕಾರಿ ಪಾತ್ರ ಕೈಹಾಕುವುದು ಈ ಸಂದಿಯಲ್ಲೇ. ಒಂದು ವಿಚಾರಣೆ ಲೆಕ್ಕಕ್ಕಿಂತ ಮೂರು ದಿನ ಹೆಚ್ಚು ಎಳೆಯಿತು, ಇನ್ನೊಂದರಲ್ಲಿ ಆರೋಪಿ ಬೆಳಿಗ್ಗೆಯೇ ತಪ್ಪೊಪ್ಪಿಕೊಂಡು ಕೋರ್ಟು ಖಾಲಿಯಾಯಿತು, ಕೋಣೆ ಗೊತ್ತಾಗದೆ ಕಾಯುತ್ತಿದ್ದ ಕೇಸು ಖಾಲಿಯಾದ ಕಡೆಗೆ ಹಾರಿತು. ದಿನಕ್ಕೆ ಹತ್ತು ಸಲ ಆಗುವಂಥದ್ದು. ಕೇಸು ಸರಿಸಲು ಒಂದು ಸಾಚಾ ಕಾರಣ ಯಾವಾಗಲೂ ಕೈಗೆ ಸಿಗುತ್ತದೆ, ಹಾಗಾಗಿಯೇ ದುರುದ್ದೇಶದಿಂದ ಸರಿಸಿದ್ದನ್ನು ಸಾಬೀತು ಮಾಡುವುದು ಕಷ್ಟ. ಕಾಸ್ ಲಿಸ್ಟ್ ನೋಡಿ ‘ಅರೆ, ನಮ್ಮ ಕೇಸು ಮೂರನೇ ಹಾಲಿನಿಂದ ಹನ್ನೊಂದನೇ ಹಾಲಿಗೆ ಹೋಯಿತಲ್ಲ’ ಎಂದ ಯಾವ ವಕೀಲರಿಗೂ ಇದು ಗೊತ್ತು.

ಧಾರಾವಾಹಿ ಓಡುತ್ತಿದ್ದ ವರ್ಷಗಳಲ್ಲೇ ಆ ಸಂದಿಯನ್ನು ಮುಚ್ಚುವ ಕೆಲಸವೂ ನಡೆಯಿತು. ಅಲ್ಲಿಯವರೆಗೆ ಲಾರ್ಡ್ ಚಾನ್ಸಲರ್ ಎಂಬ ಒಬ್ಬರೇ ಮಂತ್ರಿ, ಮೇಲ್ಮನೆಯ ಸಭಾಪತಿ, ನ್ಯಾಯಾಂಗದ ಮುಖ್ಯಸ್ಥ. ಮೂರು ಟೋಪಿ, ಒಂದು ತಲೆ. 2003ರ ಜೂನಿನಲ್ಲಿ ಆ ಇಲಾಖೆಯ ಹೆಸರು ಹೋಯಿತು. 2005ರ ಸಾಂವಿಧಾನಿಕ ಸುಧಾರಣಾ ಕಾಯ್ದೆಯಿಂದ 2006ರ ಏಪ್ರಿಲ್ 3ರಂದು ನ್ಯಾಯಾಂಗದ ಮುಖ್ಯಸ್ಥಿಕೆ ಲಾರ್ಡ್ ಚೀಫ್ ಜಸ್ಟಿಸ್ ಕೈಗೆ ಬಂತು. ಆ ಕಾಯ್ದೆಯ ಮೂರನೇ ಕಲಮಿನಲ್ಲಿ, ಮಂತ್ರಿಗಳು ನ್ಯಾಯಾಂಗದ ಒಳಗೆ ತಮಗಿರುವ ವಿಶೇಷ ಪ್ರವೇಶ ಬಳಸಿ ನಿರ್ದಿಷ್ಟ ತೀರ್ಪುಗಳ ಮೇಲೆ ಪ್ರಭಾವ ಬೀರಲು ಯತ್ನಿಸಕೂಡದು ಎಂದು ಬರೆದಿದೆ. ಒಂದು ಕಂತಿನ ಸಾರಾಂಶದ ಹಾಗೇ ಇದೆ ಆ ಸಾಲು.

ನಮ್ಮ ದೇಶದಲ್ಲಿ ಆ ಸಂದಿಯ ಹೆಸರು ಬೇರೆ. ಒಂದು ವರ್ಗಾವಣೆ, ಇನ್ನೊಂದು ರೋಸ್ಟರ್, ಅಂದರೆ ಯಾವ ಕೇಸು ಯಾವ ಪೀಠಕ್ಕೆ ಎಂಬ ಹಂಚಿಕೆ. 1975ರ ಜೂನ್ 26ರಂದು ಬೆಂಗಳೂರಿನಲ್ಲಿ ಬಂಧನಕ್ಕೊಳಗಾದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮುಂತಾದವರ ಹೇಬಿಯಸ್ ಕಾರ್ಪಸ್ ಅರ್ಜಿಗಳು, ಅಂದರೆ ಬಂಧನವನ್ನು ಪ್ರಶ್ನಿಸುವ ಅರ್ಜಿಗಳು, ಬಂದದ್ದು ಕರ್ನಾಟಕ ಹೈಕೋರ್ಟಿನ ಮುಂದೆ. ತುರ್ತುಪರಿಸ್ಥಿತಿಯಲ್ಲೂ ಇಂಥ ಅರ್ಜಿ ವಿಚಾರಣೆಗೆ ಯೋಗ್ಯ ಎಂದ ಹೈಕೋರ್ಟುಗಳಲ್ಲಿ ನಮ್ಮದೂ ಒಂದು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು 4–1ರಲ್ಲಿ ಅವನ್ನೆಲ್ಲ ತಳ್ಳಿಹಾಕಿತು. ಅದೇ ವರ್ಷ ದೇಶದಲ್ಲಿ 16 ಹೈಕೋರ್ಟ್ ನ್ಯಾಯಮೂರ್ತಿಗಳನ್ನು ವರ್ಗ ಮಾಡಿದರು. ಕರ್ನಾಟಕದಿಂದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ ಹೋದರು, ಎಂ. ಸದಾನಂದಸ್ವಾಮಿ ಗುವಾಹಟಿಗೆ. ಅವರು ಯಾರನ್ನೂ ಸೆಲ್ಲಿಗೆ ಕಳಿಸಲಿಲ್ಲ, ಪೀಠದಿಂದ ಗುಡುಗಲೂ ಇಲ್ಲ. ಚಂದ್ರಶೇಖರ್ ಆಮೇಲೆ ಮುಖ್ಯ ನ್ಯಾಯಮೂರ್ತಿಯಾಗಿಯೇ ಬೆಂಗಳೂರಿಗೆ ಮರಳಿದರು. ಇನ್ನು ರೋಸ್ಟರಿನ ಮಾತು ಬಯಲಿಗೆ ಬಂದದ್ದು 2018ರ ಜನವರಿ 12ರಂದು, ಸುಪ್ರೀಂ ಕೋರ್ಟಿನ ನಾಲ್ವರು ಹಿರಿಯ ನ್ಯಾಯಮೂರ್ತಿಗಳು ಹುಲ್ಲುಹಾಸಿನ ಮೇಲೆ ಕೂತು ಪತ್ರಿಕಾಗೋಷ್ಠಿ ನಡೆಸಿದಾಗ. ಅದೇ ವರ್ಷದ ಜುಲೈನಲ್ಲಿ, ಮುಖ್ಯ ನ್ಯಾಯಮೂರ್ತಿಯೇ ರೋಸ್ಟರಿನ ಒಡೆಯ ಎಂದು ಸುಪ್ರೀಂ ಕೋರ್ಟು ಮತ್ತೆ ಹೇಳಿತು.

ಈಗ ಆ ಮೊದಲ ದೃಶ್ಯಕ್ಕೆ. ಕೆಳಗೆ ಪ್ರೇಯಸಿ, ಮಾಜಿ ಹೆಂಡತಿ.

1924ರ ಸಸೆಕ್ಸ್ ಕೇಸಿನಲ್ಲಿ ಮೋಟಾರ್‌ಸೈಕಲ್ ಸವಾರನೊಬ್ಬನಿಗೆ ಅಪಾಯಕಾರಿ ಚಾಲನೆಗಾಗಿ ಶಿಕ್ಷೆಯಾಗಿತ್ತು. ಮ್ಯಾಜಿಸ್ಟ್ರೇಟರ ಜೊತೆ ಒಳಕೋಣೆಗೆ ಹೋದ ಗುಮಾಸ್ತರು ಸೇರಿದ್ದ ಸಾಲಿಸಿಟರ್ ಸಂಸ್ಥೆ, ಅದೇ ಅಪಘಾತದಲ್ಲಿ ಎದುರು ಪಕ್ಷದ ಪರವಾಗಿ ಪರಿಹಾರಕ್ಕೆ ಓಡಾಡುತ್ತಿತ್ತು. ಒಳಗೆ ಗುಮಾಸ್ತರು ತುಟಿ ಬಿಚ್ಚಲಿಲ್ಲ, ಮ್ಯಾಜಿಸ್ಟ್ರೇಟರು ಅವರನ್ನು ಏನೂ ಕೇಳಲೂ ಇಲ್ಲ. ಆದರೂ ಶಿಕ್ಷೆ ರದ್ದು. ನ್ಯಾಯ ನಡೆದರೆ ಸಾಲದು, ನಡೆದದ್ದು ಕಾಣಬೇಕು ಎಂದು ನಮ್ಮ ವಕೀಲರ ಸಂಘದ ಸಮಾರಂಭಗಳಲ್ಲಿ ಕೇಳಿ ಕೇಳಿ ಸವೆದ ಮಾತು ಹುಟ್ಟಿದ್ದು ಈ ಸಣ್ಣ ಅಪಘಾತದಿಂದ. 1852ರಷ್ಟು ಹಿಂದೆ, ಕಾಲುವೆ ಕಂಪನಿಯ ಷೇರು ಇಟ್ಟುಕೊಂಡಿದ್ದ ಲಾರ್ಡ್ ಚಾನ್ಸಲರ್ ಕಾಟನಮ್ ಅದೇ ಕಂಪನಿಯ ಪರ ಕೊಟ್ಟ ಆದೇಶವನ್ನೂ ರದ್ದು ಮಾಡಿದ್ದರು. ಅವರು ಷೇರಿಗಾಗಿ ಹಾಗೆ ಮಾಡಿದರೆಂದು ಯಾರೂ ಹೇಳಲಿಲ್ಲ. ಡೀಡ್ ತೆರೆಗೆ ಬರುವ ಎರಡು ವರ್ಷ ಮೊದಲು, ಚಿಲಿಯ ಮಾಜಿ ಸರ್ವಾಧಿಕಾರಿ ಪಿನೋಶೆ ಬಗ್ಗೆ 1998ರ ನವೆಂಬರ್ 25ರಂದು ಕೊಟ್ಟ ತೀರ್ಪು ಬಿದ್ದುಹೋದದ್ದೂ ಇದೇ ಕಾರಣಕ್ಕೆ. ಮಾನವ ಹಕ್ಕುಗಳ ಸಂಘಟನೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಆ ಕೇಸಿನಲ್ಲಿ ಸೇರಿಕೊಂಡಿತ್ತು. ತೀರ್ಪು ಕೊಟ್ಟವರಲ್ಲಿ ಒಬ್ಬರಾದ ಲಾರ್ಡ್ ಹಾಫ್‌ಮನ್ ಆಮ್ನೆಸ್ಟಿಯ ಧರ್ಮಾರ್ಥ ಸಂಸ್ಥೆಯ ನಿರ್ದೇಶಕರಾಗಿದ್ದರು, ಅದನ್ನು ತಿಳಿಸಿರಲಿಲ್ಲ. ಹೊಸ ಪೀಠ ಕೂರಿಸಿ ಮತ್ತೆ ಮೊದಲಿನಿಂದ ಕೇಳಬೇಕಾಯಿತು.

2001ರ ಡಿಸೆಂಬರಿನಲ್ಲಿ, ಡೀಡ್‌ನ ಮೊದಲ ಸರಣಿ ಪ್ರಸಾರವಾಗುತ್ತಿದ್ದಾಗಲೇ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಒಂದು ಅಳತೆಗೋಲು ಹಾಕಿಕೊಟ್ಟಿತು: ವಿಷಯ ತಿಳಿದ, ನ್ಯಾಯಬುದ್ಧಿಯ ನೋಡುಗನೊಬ್ಬನಿಗೆ ಇಲ್ಲಿ ಪಕ್ಷಪಾತದ ನಿಜವಾದ ಸಾಧ್ಯತೆ ಇದೆ ಅನ್ನಿಸುತ್ತದೆಯೇ? ಜಡ್ಜ್ ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಡೀಡ್‌ನ ಸಮರ್ಥನೆಯೋ ಪೂರ್ತಿ ಮನಸ್ಸಿನದು. ತಾನು ಪ್ರಾಮಾಣಿಕ, ಪ್ರೀತಿಗೂ ತೀರ್ಪಿಗೂ ಸಂಬಂಧವಿಲ್ಲ. ಇರಬಹುದು. ಆದರೆ ಅವನ ವಿರೋಧಿ ಅಧಿಕಾರಿಗಳೂ ದೇಶದ ಹಿತಕ್ಕಾಗಿಯೇ ಕೇಸು ಸರಿಸುತ್ತಿದ್ದೇವೆ ಎನ್ನುತ್ತಾರಲ್ಲ.

ಭಾರತದಲ್ಲಿ ಇದಕ್ಕೊಂದು ಪಟ್ಟಿಯೇ ಇದೆ. ನ್ಯಾಯಾಧೀಶರ ತಂದೆ, ಅಜ್ಜ, ಮಗ, ಮೊಮ್ಮಗ, ಅಂಕಲ್, ಸಹೋದರ, ಸೋದರಳಿಯ, ಗಂಡ, ಹೆಂಡತಿ, ಅತ್ತೆ, ಮಾವ, ಅಳಿಯ, ಸೊಸೆ ಎಂದು ಉದ್ದಕ್ಕೂ ಸಾಗಿ, ಇಂಥ ನಂಟಿರುವ ವಕೀಲರು ಆ ನ್ಯಾಯಾಧೀಶರ ಮುಂದೆ ಹಾಜರಾಗಕೂಡದು ಎನ್ನುತ್ತದೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ. ಅಂಕಲ್ ಎಂಬ ಒಂದೇ ಪದದಲ್ಲಿ ನಮ್ಮ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಸಿಕ್ಕಿಬೀಳುತ್ತಾರೆ. ಮಾಜಿ ಹೆಂಡತಿ ಪಟ್ಟಿಯಲ್ಲಿಲ್ಲ. ಪ್ರೇಯಸಿಯೂ ಇಲ್ಲ. ಅಕ್ಷರಕ್ಕೆ ಹೋದರೆ ಜಾರ್ಜ್, ಜೋ ಇಬ್ಬರೂ ಡೀಡ್ ಮುಂದೆ ನಿಲ್ಲಬಹುದು! ಪಟ್ಟಿ ಬರೆದವರಿಗೆ ಇಂಥ ಜಡ್ಜ್ ಕಲ್ಪನೆಗೂ ಬಂದಿರಲಿಕ್ಕಿಲ್ಲ. ಪಟ್ಟಿಯ ಹೊರಗಿನದಕ್ಕೆ ನ್ಯಾಯಾಧೀಶರ ವಿವೇಚನೆಯೇ ಗತಿ, ಅದಕ್ಕೆ ಹೈಕೋರ್ಟುಗಳಲ್ಲಿ ಒಂದು ರೂಢಿಯೂ ಇದೆ. ಕೇಸು ಕರೆದಾಗ ವಕೀಲರ ಹೆಸರನ್ನೋ ಕಕ್ಷಿದಾರರ ಹೆಸರನ್ನೋ ನೋಡಿ ನ್ಯಾಯಮೂರ್ತಿಗಳು ‘ನಾಟ್ ಬಿಫೋರ್ ಮಿ’ ಎನ್ನುತ್ತಾರೆ. ಕಾರಣ ಹೇಳಿದರೆ ಹೇಳಿದರು, ಇಲ್ಲದಿದ್ದರೆ ಇಲ್ಲ. ಮುಖ್ಯ ನ್ಯಾಯಮೂರ್ತಿಗಳ ಆದೇಶ ಪಡೆದು ಬೇರೆ ಪೀಠದ ಮುಂದೆ ಇಡತಕ್ಕದ್ದು ಎಂದು ಆರ್ಡರ್ ಶೀಟಿನಲ್ಲಿ ಒಂದು ಸಾಲು. ಕೋರ್ಟ್ ಆಫೀಸರ್ ಫೈಲಿಗೆ ದಾರ ಕಟ್ಟಿ ಪಕ್ಕಕ್ಕೆ ಇಡುತ್ತಾರೆ, ಅದು ರಿಜಿಸ್ಟ್ರಿಗೆ ಇಳಿಯುತ್ತದೆ, ಕಕ್ಷಿದಾರ ಮುಂದಿನ ತಾರೀಖು ಯಾವಾಗ ಎಂದು ವಕೀಲರನ್ನು ಕೇಳುತ್ತಾ ಕಾರಿಡಾರಿಗೆ ಬರುತ್ತಾನೆ, ಒಳಗೆ ಮುಂದಿನ ಕೇಸಿನ ನಂಬರು ಕರೆಯುತ್ತಾರೆ.